ಭಂಡಾರ

ಏಳೂವರೆಗೆ ಮೊಟ್ಟೆ ಬೇಯಲು ಇಡುತ್ತೇನೆ.
ಎರಡು ಅಕ್ಕನಿಗೆ, ಒಂದು ನನಗೆ.
ನೀರು ಕುದಿ ಬಂದಾಗ ಪಾತ್ರೆಯ ತಳಕ್ಕೆ ಟಕಟಕ ಬಡಿಯುತ್ತವೆ,
ಅಕ್ಕ ನಡುಮನೆಯಿಂದ ಕೂಗುತ್ತಾಳೆ:
"ಯಾರೋ ಲೈನಿಗೆ ಬಂದವ್ರೆ, ನೋಡಮ್ಮಿ."

ಮೂವತ್ತೊಂದು ವರ್ಷ ಮಂಡ್ಯದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ತಲೆಗೆ ಹೆಡ್‌ಫೋನು ಸಿಕ್ಕಿಸಿ ಕೂತವಳು,
ಚಿಕ್ಕತಾಯಮ್ಮ.
ಸಕ್ಕರೆ ಕಾರ್ಖಾನೆಯ ಗೇಟು ಹದಿನಾರು,
ಗುತ್ತಲಿನ ಬೆಲ್ಲದ ಮಂಡಿ ಮುನ್ನೂರ ನಲವತ್ತೇಳು,
ಪುಸ್ತಕ ತೆರೆದದ್ದು ಯಾರೂ ಕಂಡಿಲ್ಲ.
"ಹಲೋ" ಅನ್ನುವ ಮುಂಚಿನ ಉಸಿರಲ್ಲೇ ಗೊತ್ತು
ಯಾರ ಮನೆ, ಯಾರ ಮಗ,
ಯಾವ ಸಂಬಂಧ ಕೂಡುತ್ತಿದೆ, ಯಾವುದು ಮುರಿಯುತ್ತಿದೆ.
ಗೊತ್ತಿದ್ದೂ ಹೇಳುತ್ತಿರಲಿಲ್ಲ.
ನನಗೂ.

ನಿವೃತ್ತಿಯಾದ ವರ್ಷ ಒಬ್ಬ ಡಾಕ್ಟರು
ರಕ್ತದ ಚೀಟಿಯ ಮೇಲೆ ಕೆಂಪು ಸೊನ್ನೆ ಸುತ್ತಿ ಅಂದರು:
ಬಿಳಿಯದು ತಿನ್ನಿ, ಹಳದಿ ಬಿಸಾಕಿ.
ಅವ್ವ ಬದುಕಿದ್ದರೆ ಅವರಿಗೆ ಕಾಫಿಯನ್ನೂ ಕೊಡುತ್ತಿರಲಿಲ್ಲ.
ಅವ್ವನ ಬಾಯಲ್ಲಿ ಅದು ಹಳದಿ ಅಲ್ಲ, ಭಂಡಾರ.
"ಭಂಡಾರ ತಿನ್ರವ್ವ, ಮಗ್ಗಿ ಬತ್ತದೆ."
ಹದಿನೇಳರ ಮಗ್ಗಿ ನನಗೆ ಇವತ್ತಿಗೂ ಬಂದಿಲ್ಲ,
ಅದು ಬೇರೆ ಮಾತು.

ಹನ್ನೆರಡು ವರ್ಷ ನಮ್ಮ ಮನೆಯ ಭಂಡಾರವೆಲ್ಲ
ಹಿತ್ತಿಲ ಮೆಟ್ಟಿಲ ಮೇಲೆ, ಕೆಂದನ ಪಾಲಿಗೆ.
ಬೀದಿನಾಯಿ. ಈಗ ಹಲ್ಲಿಲ್ಲ, ಒಂದು ಕಣ್ಣು ಮಂಜು.
ಆದರೂ ಹಾಲಿನವನ ಸೈಕಲ್ಲು ಬೇರೆ, ಪೇಪರಿನವನದು ಬೇರೆ.
ಯಾವ ಕಾಲದಲ್ಲೋ ಕಲ್ಲೆಸೆದ ಮೀಟರಿನವನು
ಮೀಸೆ ಬೋಳಿಸಿಕೊಂಡು ಬಂದರೂ
ಅವನೊಬ್ಬನಿಗೇ ಬೊಗಳುತ್ತದೆ.
ಅಕ್ಕನ ತಲೆಗೆ ಹೋಗಬೇಕಾದ್ದು ಎಲ್ಲಿಗೆ ಹೋಯಿತು
ಅಂತ ಒಮ್ಮೊಮ್ಮೆ ಅದನ್ನೇ ದಿಟ್ಟಿಸುತ್ತೇನೆ.
ಬಾಲ ಅಲ್ಲಾಡಿಸುತ್ತದೆ.

ಹೋದ ಯುಗಾದಿಯ ದಿನ ಒಬ್ಬಟ್ಟು ಬಡಿಸುವಾಗ
ಅಕ್ಕ ನನ್ನ ಮುಖ ನೋಡಿ, ಬಹಳ ಮರ್ಯಾದೆಯಿಂದ ಕೇಳಿದಳು:
"ನೀವು ಯಾರ ಪೈಕಿ?"
ನಲವತ್ತು ವರ್ಷ ಅವಳ ರವಿಕೆ ಹೊಲಿದ ಕೈಯಲ್ಲಿ
ತುಪ್ಪದ ಚಮಚ ಹಾಗೇ ನಿಂತಿತ್ತು.

ಈಗಿನ ಡಾಕ್ಟರು ಪಾಂಡವಪುರದ ಕಡೆಯ ಹುಡುಗಿ.
"ಇಡೀ ಮೊಟ್ಟೆ ಕೊಡಿ. ಮಿದುಳಿಗೆ ಬೇಕಾದ್ದು ಹಳದಿಯಲ್ಲೇ ಇರೋದು."
ಕೋಲೀನ್ ಅಂತ ಏನೋ ಹೆಸರು ಹೇಳಿದಳು;
ನನಗೆ ನೆನಪಾದದ್ದು ಗಾಜು ಒರೆಸುವ ನೀಲಿ ನೀರು.
ಇರಲಿ, ಒಳಗಿನ ಗಾಜೂ ಒರೆಸಲಿ.
"ಹೋದದ್ದು ವಾಪಸ್ ಬರುತ್ತೆ ಅಂತ ಮಾತ್ರ ಹೇಳಲಾರೆ" ಅಂದಳು.
ಆ 'ಹೇಳಲಾರೆ'ಗೇ ನಾನು ಅವಳನ್ನು ನಂಬಿದ್ದು.

ಬಾಗಿಲಿಲ್ಲದ ಮನೆಗೆ ಸುಣ್ಣ ಬಳಿದವರ್ಯಾರು,
ಅವ್ವ ಒಗಟು ಹಾಕುತ್ತಿದ್ದಳು ಒಲೆಯ ಮುಂದೆ.
ದಿನಾ ಬೆಳಿಗ್ಗೆ ಆ ಮನೆಯನ್ನು ಬೆರಳುಗಂಟಿನಿಂದ ತಟ್ಟುತ್ತೇನೆ.
ಸಿಪ್ಪೆ ಒಮ್ಮೆ ಸಲೀಸಾಗಿ ಬರುತ್ತದೆ,
ಒಮ್ಮೆ ಮಾಂಸವನ್ನೇ ಕಿತ್ತುಕೊಂಡು.

ಇವತ್ತು ಅಕ್ಕ ತಾನೇ ಸುಲಿದಳು.
ಬಿಳಿಯದನ್ನು ತಿಂದು, ಭಂಡಾರವನ್ನು ಅಂಗೈಯಲ್ಲಿಟ್ಟು
ಹಿತ್ತಿಲಿಗೆ ನಡೆದಳು: "ಕೆಂದಾ, ಬಾ."
ನನ್ನ ಹೆಸರು ಹೋಗಿದೆ, ನಾಯಿಯ ಹೆಸರು ಇದೆ!
"ಅಕ್ಕಾ, ಅದು ನಿಂದು, ನೀನು ತಿನ್ನು."
"ನಂದಾ?"
ಮೆಟ್ಟಿಲ ಮೇಲೆ ಕೂತು ಅದನ್ನು ಎರಡು ಮಾಡಿದಳು.
ಅರ್ಧ ಕೆಂದನಿಗೆ.
ಇನ್ನರ್ಧ ನನ್ನ ಬಾಯಿಗೆ ತುರುಕಿ, ಅವ್ವನ ದನಿಯಲ್ಲಿ:
"ಹದಿನೇಳರ ಮಗ್ಗಿ ಹೇಳು, ನೋಡಾನ."

ಹದಿನೇಳೊಂದ್ಲ ಹದಿನೇಳು.
ಹದಿನೇಳೆರಡ್ಲ ಮೂವತ್ನಾಲ್ಕು.
ಹದಿನೇಳ್ಮೂರ್ಲ…
ಭಂಡಾರ ಗಂಟಲಿಗೆ ಹಿಡಿದು ನಾನು ನೀರಿಗೆ ತಡಕಾಡುವಾಗ
ಅಕ್ಕ ಬೇಲಿಯಾಚೆ ನೋಡುತ್ತಾ ಅಂದಳು:

"ಐವತ್ತೊಂದು. ಮಳವಳ್ಳಿ ರೋಡಿನ ಸಾಮಿಲ್ಲು.
ಲೈನು ಕೊಡ್ಲಾ?"